ಗಾಳಿಯಲ್ಲಿ ತೇಲುವ ಲೋಹದ ತಟ್ಟೆ: ಕಾಫಿ ಸೀಮೆಯ ಜಗಲಿ ಮೀಟರಿನಲ್ಲಿದ್ದ ವಿಜ್ಞಾನ

ಚಿಕ್ಕಮಗಳೂರು: ಮೂಡಿಗೆರೆ, ಕಳಸ, ಬಾಳೆಹೊನ್ನೂರು ಭಾಗದ ಹಳೆಯ ತೋಟದ ಮನೆಗಳ ಜಗಲಿಯಲ್ಲಿ ಕಪ್ಪು ಬಣ್ಣದ ಪೆಟ್ಟಿಗೆಯೊಂದು ಗೋಡೆಗೆ ಅಂಟಿಕೊಂಡಿರುತ್ತಿತ್ತು. ಅದರ ಗಾಜಿನ ಕಿಂಡಿಯ ಹಿಂದೆ ಬೆಳ್ಳಿಬಣ್ಣದ ತಟ್ಟೆಯೊಂದು ಸದ್ದಿಲ್ಲದೆ ಸುತ್ತುತ್ತಿತ್ತು. ತಟ್ಟೆಯ ಅಂಚಿನ ಗುರುತು ಎಷ್ಟು ಬೇಗ ಮತ್ತೆ ಎದುರಿಗೆ ಬರುತ್ತದೆ ಎಂಬುದನ್ನು ನೋಡಿಯೇ ಮನೆಯವರು ತಿಂಗಳ ಬಿಲ್ಲನ್ನು ಅಂದಾಜು ಮಾಡುತ್ತಿದ್ದರು. ಆ ತಟ್ಟೆಗೆ ಯಾವ ತಂತಿಯೂ ತಾಗಿರಲಿಲ್ಲ, ಅದನ್ನು ತಿರುಗಿಸುವ ಪಟ್ಟಿಯಾಗಲಿ ಮೋಟಾರಾಗಲಿ ಇರಲಿಲ್ಲ. ಅದು ಕಬ್ಬಿಣದ್ದೂ ಅಲ್ಲ, ಕಾಂತಕ್ಕೆ ಅಂಟದ ಅಲ್ಯೂಮಿನಿಯಂ ತಟ್ಟೆ.

ಮುಟ್ಟದೆಯೇ ಅಲ್ಯೂಮಿನಿಯಂ ತಟ್ಟೆಯನ್ನು ತಿರುಗಿಸುವ ಈ ಶಕ್ತಿಗೆ ಅದನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸುವ ಸಾಮರ್ಥ್ಯವೂ ಇದೆ. ಪರ್ಯಾಯ ವಿದ್ಯುತ್ ಹರಿಯುವ ತಂತಿ ಸುರುಳಿಗಳ ಮೇಲೆ ಲೋಹದ ತಟ್ಟೆಯೊಂದನ್ನು ಇಟ್ಟರೆ, ತಕ್ಕ ಸಿದ್ಧತೆ ಇದ್ದಲ್ಲಿ, ಅದು ಮೇಲೆದ್ದು ಯಾವ ಆಸರೆಯೂ ಇಲ್ಲದೆ ತೇಲುತ್ತದೆ. ಇದನ್ನು ವಿದ್ಯುತ್ಕಾಂತೀಯ ತೇಲಿಕೆ ಎನ್ನುತ್ತಾರೆ. ನೋಡುವವರಿಗೆ ಇದು ಪವಾಡದಂತೆ ಕಂಡರೂ ಇದರ ಹಿಂದಿರುವುದು 19ನೇ ಶತಮಾನದಲ್ಲೇ ಪತ್ತೆಯಾದ ಭೌತಶಾಸ್ತ್ರದ ನಿಯಮ. ಈ ತೇಲಿಕೆ ಪುಕ್ಕಟೆಯಲ್ಲ ಎಂಬುದೂ ಅದೇ ನಿಯಮದ ಇನ್ನೊಂದು ಮುಖ.

ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಅಲ್ಯೂಮಿನಿಯಂ?

ಕಾಂತವೆಂದೊಡನೆ ಕಳಸದ ಆಸುಪಾಸಿನವರಿಗೆ ನೆನಪಾಗುವುದು ಕುದುರೆಮುಖ. ಅಲ್ಲಿನ ಬೆಟ್ಟಗಳಲ್ಲಿ ದೊರೆಯುತ್ತಿದ್ದುದು ಮ್ಯಾಗ್ನೆಟೈಟ್ ಎಂಬ ಅದಿರು. ಹೆಸರೇ ಹೇಳುವಂತೆ ಅದು ಕಾಂತಕ್ಕೆ ಅಂಟುವ ಅದಿರು. ಅದನ್ನು ಪುಡಿ ಮಾಡಿ, ಮಣ್ಣು ಕಲ್ಲಿನಿಂದ ಬೇರ್ಪಡಿಸಿ, ಕೊಳವೆ ಮಾರ್ಗದಲ್ಲಿ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ಕಾಂತವು ಕಬ್ಬಿಣವನ್ನು ಸೆಳೆಯುವ ಈ ಗುಣ ಎಲ್ಲರಿಗೂ ಪರಿಚಿತ.

ಆದರೆ ಅಲ್ಯೂಮಿನಿಯಂ ಮತ್ತು ತಾಮ್ರ ಈ ಗುಂಪಿಗೆ ಸೇರುವುದಿಲ್ಲ. ಮನೆಯ ಅಲ್ಯೂಮಿನಿಯಂ ಪಾತ್ರೆಗೆ ಕಾಂತವನ್ನು ಹಿಡಿದರೆ ಅದು ಅಂಟುವುದಿಲ್ಲ, ದೂರ ಸರಿಯುವುದೂ ಇಲ್ಲ. ಕಾಂತ ನಿಶ್ಚಲವಾಗಿರುವವರೆಗೆ ಈ ಲೋಹಗಳು ಅದನ್ನು ಗಮನಿಸುವುದೇ ಇಲ್ಲ ಎನ್ನಬಹುದು. ಕಾಂತವು ಚಲಿಸಿದಾಗ, ಅಥವಾ ಅದರ ಬಲ ಏರಿಳಿದಾಗ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಆಗ ಲೋಹದೊಳಗೆ ವಿದ್ಯುತ್ ಪ್ರವಾಹ ತಾನಾಗಿ ಹುಟ್ಟುತ್ತದೆ. ಹೊಳೆಯ ನೀರಿನ ಸುಳಿಯಂತೆ ಈ ಪ್ರವಾಹ ಲೋಹದೊಳಗೇ ಸುತ್ತುವುದರಿಂದ ಇದಕ್ಕೆ ಸುಳಿ ಪ್ರವಾಹ ಎಂಬ ಹೆಸರು. ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುವುದರಿಂದ, ಸುಳಿ ಪ್ರವಾಹವಿರುವಷ್ಟು ಹೊತ್ತು ಆ ಅಲ್ಯೂಮಿನಿಯಂ ತುಂಡೂ ಒಂದು ಕಾಂತವೇ ಆಗಿರುತ್ತದೆ.

ಈ ತಾತ್ಕಾಲಿಕ ಕಾಂತದ ದಿಕ್ಕು ಯಾವುದು ಎಂಬುದನ್ನು 1834ರಲ್ಲಿ ಲೆನ್ಸ್ ಎಂಬ ವಿಜ್ಞಾನಿ ನಿಯಮವಾಗಿ ನಿರೂಪಿಸಿದರು. ಯಾವ ಬದಲಾವಣೆಯಿಂದ ಪ್ರವಾಹ ಹುಟ್ಟಿತೋ ಆ ಬದಲಾವಣೆಯನ್ನೇ ಅದು ವಿರೋಧಿಸುತ್ತದೆ ಎಂಬುದು ಆ ನಿಯಮದ ಸಾರ. ತಟ್ಟೆ ತೇಲುವುದಕ್ಕೂ ಸುತ್ತುವುದಕ್ಕೂ ಮೂಲ ಕಾರಣ ಈ ವಿರೋಧವೇ.

ಅರಾಗೊನಿಂದ ಥಾಮ್ಸನ್‌ವರೆಗೆ

ಈ ಕಥೆಯ ಆರಂಭದಲ್ಲಿಯೇ ಒಂದು ತಟ್ಟೆ ಇದೆ. 1824ರ ಸುಮಾರಿಗೆ ಫ್ರಾನ್ಸಿನ ಅರಾಗೊ ವಿಚಿತ್ರ ಸಂಗತಿಯೊಂದನ್ನು ಕಂಡರು. ತಾಮ್ರದ ತಟ್ಟೆಯನ್ನು ತಿರುಗಿಸಿದರೆ, ಅದರ ಮೇಲೆ ತೂಗಿಬಿಟ್ಟ ಕಾಂತದ ಸೂಜಿಯೂ ಅದರೊಡನೆ ತಿರುಗುತ್ತಿತ್ತು. ತಾಮ್ರಕ್ಕೂ ಕಾಂತಕ್ಕೂ ಏನು ನಂಟು ಎಂಬುದು ಅಂದಿನವರಿಗೆ ಒಗಟಾಯಿತು. 1831ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿತು. ಕಾಂತದ ಎದುರು ಚಲಿಸುವ ತಾಮ್ರದಲ್ಲಿ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹವೇ ಸೂಜಿಯನ್ನು ಎಳೆದೊಯ್ಯುತ್ತದೆ ಎಂಬುದು ಸ್ಪಷ್ಟವಾಯಿತು. 1855ರಲ್ಲಿ ಫ್ರಾನ್ಸಿನವರೇ ಆದ ಫೂಕೊ, ಬಲಶಾಲಿ ಕಾಂತದ ಧ್ರುವಗಳ ನಡುವೆ ತಿರುಗುವ ತಾಮ್ರದ ತಟ್ಟೆ ಬಿಸಿಯಾಗುವುದನ್ನು ತೋರಿಸಿದರು. ಸುಳಿ ಪ್ರವಾಹ ಹರಿದಲ್ಲೆಲ್ಲ ಶಾಖವೂ ಇರುತ್ತದೆ ಎಂಬ ಪಾಠ ಅಲ್ಲಿಂದ ಬಂತು.

ತಟ್ಟೆಯನ್ನಾಗಲಿ ಕಾಂತವನ್ನಾಗಲಿ ಕೈಯಿಂದ ತಿರುಗಿಸದೆ ಇದೇ ಪರಿಣಾಮವನ್ನು ಪಡೆಯಲು ಪರ್ಯಾಯ ವಿದ್ಯುತ್ ಬೇಕಾಯಿತು. ಬ್ಯಾಟರಿಯಿಂದ ಬರುವ ನೇರ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುತ್ತದೆ. ಪರ್ಯಾಯ ವಿದ್ಯುತ್ ತನ್ನ ದಿಕ್ಕನ್ನು ಸತತವಾಗಿ ಬದಲಿಸುತ್ತದೆ. ಭಾರತದ ಮನೆಗಳಿಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಇಂತಹ ಪ್ರವಾಹ ಹರಿಯುವ ಸುರುಳಿಯನ್ನು ಅಲುಗಾಡಿಸುವ ಅಗತ್ಯವೇ ಇಲ್ಲ, ಅದರ ಕಾಂತಕ್ಷೇತ್ರ ತಾನಾಗಿಯೇ ಏರಿಳಿಯುತ್ತಿರುತ್ತದೆ.

1887ರಲ್ಲಿ ಅಮೆರಿಕದ ಎಲಿಹು ಥಾಮ್ಸನ್, ಪರ್ಯಾಯ ವಿದ್ಯುತ್ ಹರಿಯುವ ಸುರುಳಿಯು ತಾಮ್ರ, ಅಲ್ಯೂಮಿನಿಯಂಗಳನ್ನು ದೂಡುತ್ತದೆ ಎಂಬುದನ್ನು ವಿದ್ಯುತ್ ಎಂಜಿನಿಯರುಗಳ ಸಭೆಯ ಮುಂದಿಟ್ಟರು. ಕಬ್ಬಿಣದ ಕಂಬಿಯೊಂದಕ್ಕೆ ಸುರುಳಿ ಸುತ್ತಿ, ಮೇಲೆ ಲೋಹದ ಬಳೆಯೊಂದನ್ನು ತೂರಿಸಿ ವಿದ್ಯುತ್ ಹಾಯಿಸಿದರೆ ಬಳೆ ಮೇಲಕ್ಕೆ ಚಿಮ್ಮುತ್ತದೆ. ಜಿಗಿಯುವ ಬಳೆ ಎಂದು ಹೆಸರಾದ ಈ ಪ್ರಯೋಗ ಇಂದಿಗೂ ಅನೇಕ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿದೆ. ಬಳೆಯನ್ನು ಮೊದಲೇ ಚೆನ್ನಾಗಿ ತಣ್ಣಗಾಗಿಸಿದರೆ ಅದು ಇನ್ನೂ ಎತ್ತರಕ್ಕೆ ಚಿಮ್ಮುತ್ತದೆ. ತಣ್ಣಗಿನ ಲೋಹ ಪ್ರವಾಹಕ್ಕೆ ಒಡ್ಡುವ ರೋಧ ಕಡಿಮೆಯಾಗಿರುವುದೇ ಕಾರಣ. ಬಳೆಯನ್ನು ಕತ್ತರಿಸಿ ಸೀಳು ಬಿಟ್ಟರೆ ಅದು ಅಲುಗುವುದಿಲ್ಲ, ಏಕೆಂದರೆ ಪ್ರವಾಹ ಸುತ್ತು ಬರಲು ದಾರಿ ಇರುವುದಿಲ್ಲ.

ಕರ್ನಾಟಕಕ್ಕೆ ಪರ್ಯಾಯ ವಿದ್ಯುತ್ತಿನ ಪರಿಚಯವಾಗಲು ಬಹಳ ಕಾಲ ಹಿಡಿಯಲಿಲ್ಲ. ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ ಸ್ಥಾಪಿಸಿದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಮುಂದಿನ ದಶಕಗಳಲ್ಲಿ ತಂತಿಗಳು ಮಲೆನಾಡಿನ ಕಣಿವೆಗಳನ್ನೂ ಹತ್ತಿದವು.

ತೇಲಿಕೆಯ ಗುಟ್ಟು ವಿಳಂಬದಲ್ಲಿದೆ

ಸುರುಳಿ ಮತ್ತು ತಟ್ಟೆ ಪರಸ್ಪರ ವಿರೋಧಿಸುತ್ತವೆ, ಆದ್ದರಿಂದ ತಟ್ಟೆ ತೇಲುತ್ತದೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಲೆನ್ಸ್ ನಿಯಮದ ಪ್ರಕಾರ ಸುಳಿ ಪ್ರವಾಹವು ವಿರೋಧಿಸುವುದು ಕಾಂತಕ್ಷೇತ್ರದ ಬದಲಾವಣೆಯನ್ನು. ಕ್ಷೇತ್ರ ಬೆಳೆಯುವಾಗ ತಟ್ಟೆ ಅದನ್ನು ದೂಡುತ್ತದೆ. ಕ್ಷೇತ್ರ ಕುಗ್ಗುವಾಗ, ಕುಗ್ಗದಂತೆ ತಡೆಯಲು, ತಟ್ಟೆ ಅದನ್ನು ತನ್ನತ್ತ ಸೆಳೆಯಬೇಕು. ಹಾಗಿದ್ದರೆ ಆವರ್ತದ ಅರ್ಧ ಭಾಗ ವಿಕರ್ಷಣೆ, ಉಳಿದರ್ಧ ಆಕರ್ಷಣೆ ಆಗಿ ಎರಡೂ ಸಮನಾಗಬೇಕಲ್ಲವೇ? ತಟ್ಟೆಯಲ್ಲಿ ವಿದ್ಯುತ್ ರೋಧವೊಂದೇ ಇದ್ದಿದ್ದರೆ ಹಾಗೆಯೇ ಆಗುತ್ತಿತ್ತು. ತಟ್ಟೆ ಇದ್ದಲ್ಲೇ ಕಂಪಿಸುತ್ತಿತ್ತೇ ಹೊರತು ಮೇಲೇಳುತ್ತಿರಲಿಲ್ಲ.

ಉತ್ತರವಿರುವುದು ಒಂದು ಸಣ್ಣ ವಿಳಂಬದಲ್ಲಿ. ತಟ್ಟೆಯಲ್ಲಿ ಸುತ್ತುವ ಪ್ರವಾಹಕ್ಕೆ ತನ್ನದೇ ಆದ ಜಡತೆಯಿದೆ. ಇದನ್ನು ಸ್ವಪ್ರೇರಣೆ ಎನ್ನುತ್ತಾರೆ. ತುಂಬಿದ ಗಾಡಿ ತಳ್ಳಿದೊಡನೆ ಓಡುವುದಿಲ್ಲ, ಓಡತೊಡಗಿದ ಮೇಲೆ ತಟ್ಟನೆ ನಿಲ್ಲುವುದೂ ಇಲ್ಲ. ಸುಳಿ ಪ್ರವಾಹವೂ ಹಾಗೆಯೇ ಸ್ವಲ್ಪ ತಡವಾಗಿ ಏರಿ, ತಡವಾಗಿ ಇಳಿಯುತ್ತದೆ. ಈ ವಿಳಂಬದಿಂದಾಗಿ ತಟ್ಟೆಯ ಪ್ರವಾಹವು ಸುರುಳಿಯ ಪ್ರವಾಹಕ್ಕೆ ವಿರುದ್ಧ ದಿಕ್ಕಿನಲ್ಲಿರುವ ಅವಧಿ ಹೆಚ್ಚುತ್ತದೆ, ಒಂದೇ ದಿಕ್ಕಿನಲ್ಲಿರುವ ಅವಧಿ ಕುಗ್ಗುತ್ತದೆ. ವಿರುದ್ಧ ದಿಕ್ಕಿನ ಪ್ರವಾಹಗಳು ಒಂದನ್ನೊಂದು ದೂಡುವುದರಿಂದ ಒಟ್ಟು ಲೆಕ್ಕದಲ್ಲಿ ವಿಕರ್ಷಣೆ ಉಳಿಯುತ್ತದೆ. ಈ ಉಳಿತಾಯವೇ ತಟ್ಟೆಯ ಭಾರವನ್ನು ಹೊರುತ್ತದೆ.

ಇದರಿಂದ ಕೆಲವು ವಿಷಯಗಳು ತಾನಾಗಿ ತಿಳಿಯುತ್ತವೆ. ಉತ್ತಮ ವಾಹಕವಾದ ತಾಮ್ರ, ಅಲ್ಯೂಮಿನಿಯಂಗಳು ಈ ಕೆಲಸಕ್ಕೆ ತಕ್ಕವು. ತಾಮ್ರ ಹೆಚ್ಚು ಒಳ್ಳೆಯ ವಾಹಕವಾದರೂ ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತೂಗುವುದರಿಂದ ತೇಲಿಸಲು ಅದೇ ಮೇಲು. ತೀರಾ ತೆಳುವಾದ ಅಥವಾ ತೀರಾ ಚಿಕ್ಕ ತಟ್ಟೆಯಲ್ಲಿ ಜಡತೆಗಿಂತ ರೋಧವೇ ಮೇಲುಗೈ ಪಡೆಯುತ್ತದೆ. ಆದ್ದರಿಂದ 50 ಆವರ್ತದ ವಿದ್ಯುತ್ತಿನಲ್ಲಿ ಅಗಲವಾದ ತಟ್ಟೆಯನ್ನು ತೇಲಿಸುವುದು ಸಣ್ಣ ನಾಣ್ಯವೊಂದನ್ನು ತೇಲಿಸುವುದಕ್ಕಿಂತ ಸುಲಭ. ಸಣ್ಣ ವಸ್ತುಗಳಿಗೆ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಪ್ರವಾಹ ಬೇಕು.

ತೇಲುವ ತಟ್ಟೆಯ ಬಳಿ ನಿಂತವರಿಗೆ ಗುಂಯ್ ಎಂಬ ಸದ್ದು ಕೇಳುತ್ತದೆ. ಪ್ರತಿ ಆವರ್ತದಲ್ಲಿ ಬಲವು ಎರಡು ಬಾರಿ ಏರಿಳಿಯುವುದರಿಂದ ಸೆಕೆಂಡಿಗೆ 100 ಬಾರಿ ಕಂಪನ ಉಂಟಾಗುತ್ತದೆ. ತೋಟದ ಅಂಚಿನ ಟ್ರಾನ್ಸ್‌ಫಾರ್ಮರ್ ಹೊರಡಿಸುವ ಪರಿಚಿತ ಗುನುಗಿನ ಮೂಲ ಸ್ಥಾಯಿಯೂ ಇದೇ.

ಜಾರಿ ಹೋಗುವ ತಟ್ಟೆಗೆ ಬೇಲಿ

ತಟ್ಟೆಯನ್ನು ಎತ್ತುವುದು ಅರ್ಧ ಕೆಲಸ. ಅದನ್ನು ಸ್ಥಿರವಾಗಿ ನಿಲ್ಲಿಸುವುದು ಉಳಿದರ್ಧ. ಒಂದೇ ಸುರುಳಿಯ ಮೇಲೆ ತಟ್ಟೆಯನ್ನಿಟ್ಟರೆ ಅದು ಮೇಲೆದ್ದ ಕೂಡಲೇ ಪಕ್ಕಕ್ಕೆ ಜಾರಿ ಬೀಳುತ್ತದೆ. ಗುಡ್ಡದ ತುದಿಯಲ್ಲಿಟ್ಟ ಚೆಂಡು ಉರುಳುವಂತೆ ತಟ್ಟೆಯೂ ಬಲವಾದ ಕ್ಷೇತ್ರದಿಂದ ದುರ್ಬಲ ಕ್ಷೇತ್ರದತ್ತ ಓಡುತ್ತದೆ.

ಬದಲಾಗದ ಕಾಂತಗಳಿಂದ ಮಾತ್ರವೇ ಇನ್ನೊಂದು ಕಾಂತವನ್ನು ಎಲ್ಲ ದಿಕ್ಕುಗಳಲ್ಲೂ ಸ್ಥಿರವಾಗಿ ತೇಲಿಸಲು ಆಗದು ಎಂಬ ತೀರ್ಮಾನವನ್ನು ಇಂಗ್ಲೆಂಡಿನ ಅರ್ನ್‌ಶಾ 1842ರಲ್ಲಿಯೇ ಮಂಡಿಸಿದ ಪ್ರಮೇಯದಿಂದ ಪಡೆಯಬಹುದು. ಎರಡು ಕಾಂತಗಳ ಸಮಧ್ರುವಗಳನ್ನು ಎದುರುಬದುರು ಹಿಡಿದು ಒಂದನ್ನು ತೇಲಿಸಲು ಯತ್ನಿಸಿ ಸೋತ ಪ್ರತಿ ಶಾಲಾ ಬಾಲಕನೂ ಈ ಪ್ರಮೇಯವನ್ನು ಅರಿಯದೆಯೇ ಪರೀಕ್ಷಿಸಿರುತ್ತಾನೆ. ಆದರೆ ಪರ್ಯಾಯ ಪ್ರವಾಹದಿಂದ ಹುಟ್ಟುವ ಸುಳಿ ಪ್ರವಾಹಗಳು ತಟ್ಟೆಯ ಸ್ಥಾನಕ್ಕೆ ತಕ್ಕಂತೆ ಬದಲಾಗುವುದರಿಂದ ಇಲ್ಲಿ ಆ ನಿರ್ಬಂಧ ಅನ್ವಯಿಸುವುದಿಲ್ಲ.

ಪರಿಹಾರ ಬಂದುದು 1939ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಡ್‌ಫರ್ಡ್, ಪೀರ್ ಮತ್ತು ಟಾಂಕ್ಸ್ ಎಂಬ ಮೂವರು ಒಂದರೊಳಗೊಂದು ಇರುವ ಎರಡು ಸುರುಳಿಗಳ ಏರ್ಪಾಡನ್ನು ಪ್ರಕಟಿಸಿದರು. ಒಳಗಿನ ಸುರುಳಿ ತಟ್ಟೆಯನ್ನು ಎತ್ತುತ್ತದೆ. ಹೊರಗಿನ ಸುರುಳಿಯಲ್ಲಿ ಪ್ರವಾಹ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ಇದರಿಂದ ತಟ್ಟೆಯ ಸುತ್ತ ಕಾಂತಕ್ಷೇತ್ರದ ಅದೃಶ್ಯ ಬೇಲಿಯೊಂದು ಏಳುತ್ತದೆ. ತಟ್ಟೆ ಯಾವ ಬದಿಗೆ ಸರಿದರೂ ಆ ಬದಿಯ ಕ್ಷೇತ್ರ ಅದನ್ನು ಮತ್ತೆ ನಡುವಿಗೆ ತಳ್ಳುತ್ತದೆ.

ಒಂದು ಲೆಕ್ಕ, ಒಂದು ಪೊಟ್ಟಣ ಕಾಫಿ ಪುಡಿ

ಇದೇ ಏರ್ಪಾಡು ಇಂದು ಕಂಪ್ಯೂಟರ್ ಲೆಕ್ಕಾಚಾರಗಳಿಗೆ ಒರೆಗಲ್ಲಾಗಿದೆ. ವಿದ್ಯುತ್ಕಾಂತೀಯ ತಂತ್ರಾಂಶಗಳ ನಿಖರತೆಯನ್ನು ಪರೀಕ್ಷಿಸಲು ಸಂಶೋಧಕರು ಜಗತ್ತಿನಾದ್ಯಂತ ಬಳಸುವ ಟೀಮ್ ಎಂಬ ಮಾದರಿ ಸಮಸ್ಯೆಗಳ ಪಟ್ಟಿಯಲ್ಲಿ 28ನೆಯದು ತೇಲುವ ತಟ್ಟೆಯದೇ. ಅದರಲ್ಲಿ 130 ಮಿಲಿಮೀಟರ್ ವ್ಯಾಸದ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಟ್ಟೆ ಇದೆ. ತೂಕ 107 ಗ್ರಾಂ, ಅಂದರೆ ಅಂಗಡಿಯಲ್ಲಿ ಸಿಗುವ 100 ಗ್ರಾಂ ಕಾಫಿ ಪುಡಿಯ ಪೊಟ್ಟಣದಷ್ಟು. ಒಳಗಿನ ಸುರುಳಿಗೆ 960 ಸುತ್ತು, ಹೊರಗಿನದಕ್ಕೆ 576 ಸುತ್ತು. ಎರಡರಲ್ಲೂ 20 ಆಂಪಿಯರ್ ಪ್ರವಾಹ, 50 ಆವರ್ತ.

ವಿದ್ಯುತ್ ಹರಿದೊಡನೆ ತಟ್ಟೆ ಮೇಲಕ್ಕೆ ನೆಗೆದು, ಕೆಲ ಕಾಲ ಏರಿಳಿದು, ಕೊನೆಗೆ ಸುರುಳಿಗಳಿಂದ ಸುಮಾರು 11 ಮಿಲಿಮೀಟರ್ ಎತ್ತರದಲ್ಲಿ ನೆಲೆಗೊಳ್ಳುತ್ತದೆ. ಅಂದರೆ ಒಂದು ಪೊಟ್ಟಣ ಕಾಫಿ ಪುಡಿಯಷ್ಟು ಭಾರವನ್ನು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತರದಲ್ಲಿ ಹಿಡಿದಿಡಲು ಒಳ ಸುರುಳಿಯೊಂದರಲ್ಲೇ 19,200 ಆಂಪಿಯರ್-ಸುತ್ತುಗಳ ಶ್ರಮ. ಮಾಮೂಲಿ ಗೃಹಬಳಕೆಯ ದೀಪದಲ್ಲಿ ಹರಿಯುವ ಪ್ರವಾಹ ಒಂದು ಆಂಪಿಯರಿಗಿಂತ ಕಡಿಮೆ ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ.

ಎತ್ತುವ ಬಲವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಶೇ. 10ರಷ್ಟು ಕುಸಿದರೆ ಅದೇ ಎತ್ತರದಲ್ಲಿ ಬಲ ಶೇ. 19ರಷ್ಟು ಕುಸಿಯುತ್ತದೆ. ಆದರೂ ತಟ್ಟೆ ಕೂಡಲೇ ಬೀಳುವುದಿಲ್ಲ. ಸ್ವಲ್ಪ ಕೆಳಗಿಳಿದು, ಕ್ಷೇತ್ರ ಇನ್ನಷ್ಟು ಬಲವಾಗಿರುವಲ್ಲಿ ಮತ್ತೆ ನಿಲ್ಲುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ, ವಿದ್ಯುತ್ ಮಾರ್ಗದ ಕೊನೆಯಲ್ಲಿರುವ ತೋಟದ ಮನೆಯಲ್ಲಿ ಇಂತಹ ತಟ್ಟೆಯೊಂದಿದ್ದರೆ ಅದರ ಎತ್ತರವನ್ನು ನೋಡಿಯೇ ವೋಲ್ಟೇಜಿನ ಏರಿಳಿತವನ್ನು ಹೇಳಬಹುದಿತ್ತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ತಟ್ಟೆಯೂ ಅದೇ ಕ್ಷಣ ಕೆಳಗೆ.

ತೇಲಿಕೆಯ ಬೆಲೆ

ಮೇಜಿನ ಮೇಲಿಟ್ಟ ತಂಬಿಗೆಯನ್ನು ಹೊತ್ತು ನಿಲ್ಲಲು ಮೇಜು ವಿದ್ಯುತ್ ಕೇಳುವುದಿಲ್ಲ. ಒಂದು ವಸ್ತುವನ್ನು ಅಲುಗದಂತೆ ಒಂದೇ ಎತ್ತರದಲ್ಲಿ ಇರಿಸಲು ಭೌತಶಾಸ್ತ್ರದ ಪ್ರಕಾರ ಶಕ್ತಿಯ ವ್ಯಯವೇ ಬೇಕಿಲ್ಲ. ಆದರೂ ತೇಲುವ ತಟ್ಟೆ ವಿದ್ಯುತ್ತನ್ನು ಸತತವಾಗಿ ಹೀರುತ್ತದೆ. ಆ ಶಕ್ತಿ ಹೋಗುವುದೆಲ್ಲಿಗೆ? ಬಹುಮಟ್ಟಿಗೆ ಎಲ್ಲವೂ ಶಾಖವಾಗಿ ಹೋಗುತ್ತದೆ. ಸುರುಳಿಯ ತಾಮ್ರದ ತಂತಿ ಬಿಸಿಯಾಗುತ್ತದೆ, ಸುಳಿ ಪ್ರವಾಹದಿಂದ ತಟ್ಟೆಯೂ ಬಿಸಿಯಾಗುತ್ತದೆ.

ಬಿಸಿಯಾದಷ್ಟೂ ತಟ್ಟೆಯ ರೋಧ ಹೆಚ್ಚುತ್ತದೆ. ಅಲ್ಯೂಮಿನಿಯಂನ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುತ್ತದೆ. 100 ಡಿಗ್ರಿ ಏರಿದರೆ ರೋಧ ಶೇ. 40ರಷ್ಟು ಹೆಚ್ಚಿದಂತೆ. ಆಗ ಸುಳಿ ಪ್ರವಾಹ ದುರ್ಬಲವಾಗಿ ತಟ್ಟೆ ನಿಧಾನವಾಗಿ ಕೆಳಗಿಳಿಯುತ್ತದೆ. ಪ್ರದರ್ಶನಗಳಲ್ಲಿ ಈ ಪ್ರಯೋಗವನ್ನು ಕೆಲವೇ ನಿಮಿಷಗಳಿಗೆ ಸೀಮಿತಗೊಳಿಸುವುದಕ್ಕೆ ಇದು ಮುಖ್ಯ ಕಾರಣ.

ತೇಲುವ ವಸ್ತುಗಳನ್ನು ತೋರಿಸಿ ಗುರುತ್ವಾಕರ್ಷಣೆಯನ್ನು ಗೆದ್ದೆವು, ಇಂಧನವಿಲ್ಲದೆ ಶಕ್ತಿ ಪಡೆದೆವು ಎಂದು ಹೇಳಿಕೊಳ್ಳುವ ವಿಡಿಯೊಗಳಿಗೆ ಇಂದು ಕೊರತೆಯಿಲ್ಲ. ಅವನ್ನು ನಂಬಿ ಹಣ ಹೂಡುವ ಮುನ್ನ ಓದುಗರು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ವಿದ್ಯುತ್ ಮೀಟರ್ ಎಲ್ಲಿದೆ, ಅದು ಏನು ಹೇಳುತ್ತದೆ? ತಟ್ಟೆಯನ್ನು ಕೆಳಗೆಳೆಯುವ ಭೂಮಿಯ ಬಲ ಕಿಂಚಿತ್ತೂ ಕುಂದಿರುವುದಿಲ್ಲ. ಅಷ್ಟೇ ಬಲವನ್ನು ಸುರುಳಿ ಮೇಲ್ಮುಖವಾಗಿ ಒದಗಿಸುತ್ತಿರುತ್ತದೆ, ಆ ಸುರುಳಿಗೆ ಬೆಲೆ ತೆರುವವರು ಯಾರೋ ಇದ್ದೇ ಇರುತ್ತಾರೆ.

ಬೆಲೆ ಲೆಕ್ಕ ಹಾಕುತ್ತಿದ್ದ ತಟ್ಟೆ

ವಿಶೇಷವೆಂದರೆ, ಆ ಬೆಲೆಯನ್ನು ಒಂದು ಶತಮಾನ ಕಾಲ ಅಳೆದದ್ದೂ ಇದೇ ನಿಯಮಕ್ಕೆ ಒಳಪಟ್ಟ ತಟ್ಟೆಯೇ. 1885ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್, ಪರಸ್ಪರ ವಿಳಂಬವಿರುವ ಎರಡು ಪರ್ಯಾಯ ಪ್ರವಾಹಗಳಿಂದ ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡಬಹುದೆಂದು ತೋರಿಸಿದರು. 1889ರಲ್ಲಿ ಹಂಗರಿಯ ಒಟ್ಟೊ ಬ್ಲಾಥಿ ಈ ಮಾರ್ಗದಲ್ಲಿ ಪರ್ಯಾಯ ವಿದ್ಯುತ್ತಿನ ಮೀಟರನ್ನು ರೂಪಿಸಿದರು. ಜಗಲಿಯ ಕಪ್ಪು ಪೆಟ್ಟಿಗೆ ಅದರ ಸಂತತಿ.

ಆ ಮೀಟರಿನಲ್ಲಿ ಎರಡು ಸುರುಳಿಗಳಿದ್ದವು. ತೆಳು ತಂತಿಯ ಸುರುಳಿ ವೋಲ್ಟೇಜಿಗೆ ಸ್ಪಂದಿಸುತ್ತಿತ್ತು, ದಪ್ಪ ತಂತಿಯ ಸುರುಳಿ ಮನೆಯೊಳಗೆ ಹರಿಯುವ ಪ್ರವಾಹಕ್ಕೆ ಸ್ಪಂದಿಸುತ್ತಿತ್ತು. ಎರಡರ ಕಾಂತಕ್ಷೇತ್ರಗಳ ನಡುವಿನ ವಿಳಂಬದಿಂದಾಗಿ ತಟ್ಟೆ ಮೇಲೇಳುವ ಬದಲು ಪಕ್ಕಕ್ಕೆ ತಳ್ಳಲ್ಪಟ್ಟು ಸುತ್ತುತ್ತಿತ್ತು. ಒಂದು ಬದಿಯಲ್ಲಿದ್ದ ಶಾಶ್ವತ ಕಾಂತವು ಸುತ್ತುವ ತಟ್ಟೆಯಲ್ಲಿ ಬೇರೆ ಸುಳಿ ಪ್ರವಾಹವನ್ನು ಹುಟ್ಟಿಸಿ ಅದಕ್ಕೆ ಬ್ರೇಕ್ ಹಾಕುತ್ತಿತ್ತು. ಈ ಎರಡು ಬಲಗಳು ಸರಿದೂಗಿದಾಗ ತಟ್ಟೆಯ ವೇಗ ಬಳಕೆಯ ಪ್ರಮಾಣಕ್ಕೆ ಸರಿಸಮವಾಗುತ್ತಿತ್ತು. ಮೀಟರಿನ ಫಲಕದಲ್ಲಿ ಒಂದು ಯೂನಿಟ್‌ಗೆ 600 ಸುತ್ತು ಎಂದು ನಮೂದಿಸಿದ್ದರೆ, 60 ವ್ಯಾಟಿನ ಒಂದೇ ಬಲ್ಬು ಉರಿಯುವಾಗ ತಟ್ಟೆ ಗಂಟೆಗೆ 36 ಸುತ್ತು ಹಾಕುತ್ತಿತ್ತು. ಅಂದರೆ 100 ಸೆಕೆಂಡಿಗೆ ಒಂದು ಸುತ್ತು.

ಎಲ್ಲ ದೀಪ ಆರಿಸಿದರೂ ತಟ್ಟೆ ನಿಧಾನವಾಗಿ ತೆವಳುತ್ತದೆ ಎಂಬ ದೂರು ಕೆಲವೊಮ್ಮೆ ಕೇಳಿಬರುತ್ತಿತ್ತು. ಅದನ್ನು ತಡೆಯಲೆಂದೇ ತಟ್ಟೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ರಂಧ್ರಗಳಿರುತ್ತಿದ್ದವು. ರಂಧ್ರವು ಸುರುಳಿಯ ಕೆಳಗೆ ಬಂದಾಗ ಸುಳಿ ಪ್ರವಾಹದ ದಾರಿ ತಪ್ಪಿ ತಟ್ಟೆ ಅಲ್ಲಿಯೇ ನಿಲ್ಲುತ್ತಿತ್ತು.

ಈ ಮೀಟರುಗಳ ಕೆಲವು ಮಾದರಿಗಳಲ್ಲಿ ತಟ್ಟೆ ನಿಜಕ್ಕೂ ತೇಲುತ್ತಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ತಟ್ಟೆಯ ಭಾರವನ್ನು ಹರಳಿನ ಮೇಲೆ ನಿಲ್ಲಿಸುವ ಬದಲು, 20ನೇ ಶತಮಾನದ ಮಧ್ಯಭಾಗದಿಂದ, ಶಾಶ್ವತ ಕಾಂತಗಳೇ ಅದನ್ನು ಹೊರುವ ವ್ಯವಸ್ಥೆ ಬಂತು. ಸವೆತ ಕಡಿಮೆ, ಆಯುಷ್ಯ ಹೆಚ್ಚು. ಆದರೆ ಶಾಶ್ವತ ಕಾಂತಗಳಿಂದ ಪೂರ್ಣ ಸ್ಥಿರತೆ ಸಿಗದೆಂಬ ನಿರ್ಬಂಧ ಇಲ್ಲಿಯೂ ತಪ್ಪಲಿಲ್ಲ. ಆದ್ದರಿಂದ ತಟ್ಟೆ ಪಕ್ಕಕ್ಕೆ ಸರಿಯದಂತೆ ಮೇಲೆ ಕೆಳಗೆ ಸಪೂರವಾದ ಸೂಜಿಗಳನ್ನು ಇಡಲೇಬೇಕಾಯಿತು.

ಹೊರಗಿನಿಂದ ಕಾಂತ ಹಿಡಿದು ತಟ್ಟೆಯ ವೇಗ ತಗ್ಗಿಸುವ ವಂಚನೆಯೂ ಇದೇ ಬ್ರೇಕ್ ತತ್ವದ ದುರ್ಬಳಕೆ. 2003ರ ವಿದ್ಯುತ್ ಕಾಯ್ದೆಯಡಿ ಮೀಟರಿನೊಡನೆ ಇಂತಹ ಚೇಷ್ಟೆ ಶಿಕ್ಷಾರ್ಹ ಅಪರಾಧ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ನಿಯಮಾವಳಿಯು ಚಲಿಸುವ ಭಾಗಗಳಿಲ್ಲದ ಸ್ಥಿರ ಮಾದರಿಯ ಮೀಟರುಗಳನ್ನೇ ಅಳವಡಿಸಬೇಕೆಂದು ವಿಧಿಸಿತು. 2002ರಲ್ಲಿ ರೂಪುಗೊಂಡ ಮೆಸ್ಕಾಂ ವ್ಯಾಪ್ತಿಗೆ ಸೇರಿದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಸುತ್ತುವ ತಟ್ಟೆಯ ಜಾಗಕ್ಕೆ ಮಿನುಗುವ ಕೆಂಪು ದೀಪದ ಮೀಟರುಗಳು ಬಂದಿವೆ.

ತೋಟದ ಸುತ್ತ ಅದೇ ನಿಯಮ

ತಟ್ಟೆ ಮರೆಯಾದರೂ ನಿಯಮ ಮರೆಯಾಗಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಕೈಕೊಟ್ಟಾಗ ರೊಬಸ್ಟಾ ಗಿಡಗಳಿಗೆ ನೀರು ಚಿಮ್ಮಿಸುವ ವಿದ್ಯುತ್ ಪಂಪಿನ ಮೋಟಾರು ಅರಾಗೊನ ತಟ್ಟೆಯ ಬಲಿತ ರೂಪವೇ. ಅದರ ತಿರುಗುವ ಭಾಗಕ್ಕೆ ಹೊರಗಿನಿಂದ ವಿದ್ಯುತ್ ಕೊಡುವುದಿಲ್ಲ. ಸುತ್ತುವ ಕಾಂತಕ್ಷೇತ್ರವು ಅದರೊಳಗಿನ ಅಲ್ಯೂಮಿನಿಯಂ ಅಥವಾ ತಾಮ್ರದ ಸರಳುಗಳಲ್ಲಿ ಪ್ರವಾಹ ಹುಟ್ಟಿಸಿ ಎಳೆದೊಯ್ಯುತ್ತದೆ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನು ಓಡಿಸುವುದೂ ಸಾಮಾನ್ಯವಾಗಿ ಇಂತಹ ಮೋಟಾರೇ.

ಆಹಾರ ಪದಾರ್ಥಗಳ ಪೊಟ್ಟಣ ಕಟ್ಟುವ ಘಟಕಗಳಲ್ಲಿ ಲೋಹದ ಚೂರುಗಳನ್ನು ಪತ್ತೆಹಚ್ಚುವ ಸಾಧನ ಕೂಡ ಸುಳಿ ಪ್ರವಾಹವನ್ನು ಅವಲಂಬಿಸಿದೆ. ಕಾಂತಕ್ಕೆ ಸಿಗದ ಅಲ್ಯೂಮಿನಿಯಂ ಚೂರು ಕೂಡ ಪರ್ಯಾಯ ಕ್ಷೇತ್ರದ ಸುರುಳಿಯನ್ನು ಹಾಯುವಾಗ ತನ್ನ ಇರವನ್ನು ಬಿಟ್ಟುಕೊಡುತ್ತದೆ. ಚಾರ್ಮಾಡಿಯಂತಹ ಘಾಟಿಗಳ ಉದ್ದನೆಯ ಇಳಿಜಾರಿನಲ್ಲಿ ಸಾಮಾನ್ಯ ಬ್ರೇಕುಗಳು ಕಾಯುವುದು ಚಾಲಕರ ನಿತ್ಯದ ಆತಂಕ. ಕೆಲವು ಭಾರೀ ವಾಹನಗಳಲ್ಲಿ ಅಳವಡಿಸುವ ವಿದ್ಯುತ್ಕಾಂತೀಯ ರಿಟಾರ್ಡರ್, ಮೀಟರಿನ ಬ್ರೇಕ್ ಕಾಂತದಂತೆಯೇ, ಉಜ್ಜದೆ ವೇಗ ತಗ್ಗಿಸುತ್ತದೆ.

ಈ ನಿಯಮವನ್ನು ಕಣ್ಣಾರೆ ಕಾಣಲು ಅಪಾಯವಿಲ್ಲದ ದಾರಿಯೊಂದಿದೆ. ಅಲ್ಯೂಮಿನಿಯಂ ಕೊಳವೆಯ ತುಂಡೊಂದನ್ನು ನೆಟ್ಟಗೆ ಹಿಡಿದು, ಅದರ ಒಳ ಅಳತೆಗೆ ಹತ್ತಿರವಾದ ಬಲಶಾಲಿ ನಿಯೋಡಿಮಿಯಂ ಕಾಂತವನ್ನು ಒಳಗೆ ಬಿಟ್ಟರೆ, ಅದು ಎಣ್ಣೆಯಲ್ಲಿ ಮುಳುಗುವ ಕಲ್ಲಿನಂತೆ ನಿಧಾನವಾಗಿ ಇಳಿಯುತ್ತದೆ. ಅದೇ ಗಾತ್ರದ ಬೆಣಚುಕಲ್ಲು ಕ್ಷಣದಲ್ಲಿ ಬೀಳುತ್ತದೆ. ವ್ಯತ್ಯಾಸಕ್ಕೆ ಕಾರಣ ಕೊಳವೆಯ ಗೋಡೆಯಲ್ಲಿ ಹುಟ್ಟುವ ಸುಳಿ ಪ್ರವಾಹ. ಇಂತಹ ಕಾಂತಗಳನ್ನು ಪುಟ್ಟ ಮಕ್ಕಳ ಕೈಗೆ ಮಾತ್ರ ಸಿಗದಂತೆ ಇಡಬೇಕು, ನುಂಗಿದರೆ ಪ್ರಾಣಾಪಾಯ.

ಅಡುಗೆಮನೆಯ ಇಂಡಕ್ಷನ್ ಒಲೆ ಇನ್ನೊಂದು ಉದಾಹರಣೆ. ಅದರ ಸುರುಳಿಯಲ್ಲಿ ಪ್ರವಾಹ ಸೆಕೆಂಡಿಗೆ 20,000ಕ್ಕೂ ಹೆಚ್ಚು ಆವರ್ತಗಳನ್ನು ಪೂರೈಸುತ್ತದೆ. ಕಬ್ಬಿಣದ ತಳವಿರುವ ಪಾತ್ರೆಯಲ್ಲಿ ಶಾಖ ಚೆನ್ನಾಗಿ ಹುಟ್ಟುತ್ತದೆ, ಸೆಳೆತವೂ ಇರುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಶಾಖ ಕಡಿಮೆ, ದೂಡುವಿಕೆಯೇ ಹೆಚ್ಚು. ಎಲ್ಲ ಲೋಹಗಳಿಗೂ ಒಗ್ಗುವ ಒಲೆಯನ್ನು ವಿನ್ಯಾಸ ಮಾಡುವವರಿಗೆ ಹಗುರವಾದ ಅಲ್ಯೂಮಿನಿಯಂ ಪಾತ್ರೆ ಮೇಲೆದ್ದು ಜಾರುವುದೇ ಒಂದು ತೊಡಕು.

ದೊಡ್ಡ ಜಗತ್ತಿನಲ್ಲಿ

ತಟ್ಟೆ ಬಿಸಿಯಾಗುವ ದೋಷವನ್ನೇ ಲೋಹಶಾಸ್ತ್ರಜ್ಞರು ಗುಣವಾಗಿ ಬಳಸಿಕೊಂಡರು. ಹೆಚ್ಚಿನ ಆವರ್ತದ ಸುರುಳಿಯೊಳಗೆ ಲೋಹದ ತುಂಡೊಂದು ತೇಲುತ್ತಲೇ ಕರಗುತ್ತದೆ. ಪಾತ್ರೆಯ ಸೋಂಕೇ ಇಲ್ಲದೆ ಶುದ್ಧ ಲೋಹವನ್ನು ಕರಗಿಸುವ ಈ ವಿಧಾನಕ್ಕೆ 1920ರ ದಶಕದಲ್ಲೇ ಜರ್ಮನಿಯಲ್ಲಿ ಪೇಟೆಂಟ್ ನೀಡಲಾಗಿತ್ತು. ಭೂಮಿಯ ಮೇಲೆ ಎತ್ತುವ ಬಲ ಮತ್ತು ಕಾಯಿಸುವ ಬಲ ಬೇರ್ಪಡದ ಜೋಡಿ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ಅವನ್ನು ಬೇರ್ಪಡಿಸಬಹುದೆಂದು 2014ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕೊಲಂಬಸ್ ಪ್ರಯೋಗಾಲಯಕ್ಕೆ ಇಂತಹ ಉಪಕರಣವನ್ನು ಕಳುಹಿಸಲಾಯಿತು.

ಹಳಿಗೆ ತಾಗದ ರೈಲುಗಳ ವಿಷಯದಲ್ಲಿ ಎರಡು ಮಾರ್ಗಗಳಿವೆ. ಶಾಂಘೈನ ರೈಲು ವಿದ್ಯುತ್ಕಾಂತಗಳು ಕಬ್ಬಿಣವನ್ನು ಸೆಳೆಯುವ ಬಲದಿಂದ ನಿಲ್ಲುತ್ತದೆ, ಪ್ರವಾಹವನ್ನು ಕ್ಷಣಕ್ಷಣಕ್ಕೂ ಹೊಂದಿಸುವ ನಿಯಂತ್ರಣ ಅದಕ್ಕೆ ಬೇಕು. ಜಪಾನಿನ ಪ್ರಾಯೋಗಿಕ ರೈಲು ಚಲಿಸುವ ಕಾಂತದಿಂದ ಪಕ್ಕದ ಸುರುಳಿಗಳಲ್ಲಿ ಹುಟ್ಟುವ ಪ್ರೇರಿತ ಪ್ರವಾಹವನ್ನು ನಂಬಿದೆ. ಅದು ತೇಲುವ ತಟ್ಟೆಗೆ ಹತ್ತಿರದ ಬಂಧು. ಆ ರೈಲು 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿಲೋಮೀಟರ್ ವೇಗ ಮುಟ್ಟಿತು. ಅದರ ಕಾಂತಗಳು ಅತಿವಾಹಕಗಳಾಗಿರುವುದರಿಂದ ಅವುಗಳಲ್ಲಿ ಪ್ರವಾಹ ಶಾಖವಾಗಿ ಪೋಲಾಗುವುದಿಲ್ಲ. ಆದರೆ ಅವನ್ನು ಅತಿ ಶೀತದಲ್ಲಿ ಇಡುವ ಖರ್ಚು ಇದ್ದೇ ಇದೆ.

ಪ್ರಯೋಗ ಮಾಡುವವರಿಗೆ ಎಚ್ಚರಿಕೆ

ತೇಲುವ ತಟ್ಟೆಯ ಮಾದರಿ ವಿಜ್ಞಾನ ಮೇಳಗಳಲ್ಲಿ ಆಕರ್ಷಕವಾಗಿ ಕಾಣುತ್ತದೆ. ಆದರೆ 230 ವೋಲ್ಟ್ ವಿದ್ಯುತ್ತನ್ನು ಸುರುಳಿಗೆ ನೇರವಾಗಿ ಜೋಡಿಸುವುದು ಮಾರಣಾಂತಿಕ. ಹತ್ತಾರು ಆಂಪಿಯರ್ ಹರಿಯುವ ಸುರುಳಿ ಕೆಲವೇ ನಿಮಿಷಗಳಲ್ಲಿ ನಿರೋಧಕ ಹೊದಿಕೆಯನ್ನು ಸುಟ್ಟು ಬೆಂಕಿಗೆ ಕಾರಣವಾಗಬಲ್ಲದು. ತೇಲಿದ ತಟ್ಟೆ ಮುಟ್ಟಿದರೆ ಸುಡುವಷ್ಟು ಬಿಸಿಯಾಗಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇಂತಹ ಸುರುಳಿಗಳಿಂದ ದೂರವಿರಬೇಕು. ಪ್ರತ್ಯೇಕೀಕರಣ ಟ್ರಾನ್ಸ್‌ಫಾರ್ಮರ್, ಫ್ಯೂಸ್ ಮತ್ತು ಅನುಭವಿ ಶಿಕ್ಷಕರ ಉಸ್ತುವಾರಿ ಇರುವ ಪ್ರಯೋಗಾಲಯದ ಹೊರಗೆ ಇದನ್ನು ಮಾಡಕೂಡದು. ಮಲೆನಾಡಿನ ಮಳೆಗಾಲದ ತೇವದಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು.

ಎತ್ತುವುದು, ತಿರುಗಿಸುವುದು, ತಡೆಯುವುದು, ಕಾಯಿಸುವುದು ಇವು ನಾಲ್ಕೂ ಒಂದೇ ನಿಯಮದ ಕೆಲಸಗಳು. ಯಾವುದನ್ನು ಬೇಡಿದರೂ ಉಳಿದವು ಸ್ವಲ್ಪವಾದರೂ ಜೊತೆಗೇ ಬರುತ್ತವೆ. ಹಳೆಯ ಮೀಟರನ್ನು ಇನ್ನೂ ಅಟ್ಟದ ಮೇಲೆ ಉಳಿಸಿಕೊಂಡಿರುವ ತೋಟದ ಮನೆಗಳಿದ್ದರೆ, ವಿದ್ಯುತ್ ಸಂಪರ್ಕವಿಲ್ಲದ ಅಂತಹ ಮೀಟರಿನ ತಟ್ಟೆಯನ್ನು ಮಕ್ಕಳಿಗೆ ತೋರಿಸಬಹುದು. ಬೆರಳಿನಿಂದ ಮೆಲ್ಲನೆ ತಿರುಗಿಸಿ ಬಿಟ್ಟರೆ ಅದು ಬಹಳ ಹೊತ್ತು ಸುತ್ತದೆ ಬೇಗನೆ ನಿಲ್ಲುತ್ತದೆ. ಏನೂ ತಾಗದೆ ಅದು ನಿಂತದ್ದೇಕೆ ಎಂದು ಮಗು ಕೇಳಿದರೆ, ಅರಾಗೊ ಕೇಳಿದ ಪ್ರಶ್ನೆಯನ್ನೇ ಅದು ಕೇಳಿದಂತೆ.